ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ಲೈಂಗಿಕ ದೌರ್ಜನ್ಯ ತಡೆಯ ಪಾಠ: ಹೇಗೆ ಆರಂಭಿಸಲಿ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮೂರು ತರಗತಿ ಸೇರಿ ಸುಮಾರು 140 ಮಕ್ಕಳಿದ್ದಾರೆ. ಈ ವರ್ಷ ನಮ್ಮ ಮುಖ್ಯ ಶಿಕ್ಷಕರು ಲೈಂಗಿಕ ದೌರ್ಜನ್ಯ ತಡೆಯ ಬಗ್ಗೆ ಪ್ರತಿ ತರಗತಿಗೂ ನಾಲ್ಕು ಅವಧಿಗಳನ್ನು ಬಿಟ್ಟುಕೊಟ್ಟು, ಅದರ ಹೊಣೆಯನ್ನು ನನಗೆ ಒಪ್ಪಿಸಿದ್ದಾರೆ. ಹೊಣೆ ಹೊರಲು ನನಗೆ ಮನಸ್ಸಿದೆ. ಆದರೆ ಎಲ್ಲಿಂದ ತೊಡಗಬೇಕೆಂದು ತಿಳಿಯದೆ ಮೂರು ವಾರಗಳಿಂದ ಟಿಪ್ಪಣಿ ಬರೆಯುತ್ತೇನೆ, ಮರುದಿನ ಓದಿ ಹರಿದುಹಾಕುತ್ತೇನೆ.

ಕಳೆದ ವರ್ಷ ಹೊರಗಿನಿಂದ ಬಂದ ಸಂಪನ್ಮೂಲ ವ್ಯಕ್ತಿಯೊಬ್ಬರು ಮೂರೂ ತರಗತಿಗಳನ್ನು ಒಂದೇ ಕಡೆ ಕೂರಿಸಿ, ದೇಹದ ಚಿತ್ರವೊಂದನ್ನು ತೂಗುಹಾಕಿ, ಒಳ್ಳೆಯ ಸ್ಪರ್ಶ ಯಾವುದು, ಕೆಟ್ಟ ಸ್ಪರ್ಶ ಯಾವುದು ಎಂದು ಒಂದು ಗಂಟೆ ಹೇಳಿ ಹೋದರು. ಮೂರನೇ ತರಗತಿಯ ಮಕ್ಕಳಿಗಾದರೆ ಅದು ಸಾಕಿತ್ತೇನೋ. 'ಮುಟ್ಟು' ಎಂಬ ಪದ ಬಂದಾಗಲೆಲ್ಲ ಹುಡುಗರು ಅದರ ಇನ್ನೊಂದು ಅರ್ಥವನ್ನು ನೆನೆದು ಪಕ್ಕದವರನ್ನು ತಿವಿದು ನಕ್ಕರು, ಹುಡುಗಿಯರು ತಲೆ ಎತ್ತಲಿಲ್ಲ. ಅಂದು ಸಂಜೆ ನಾನು ಪ್ರಯೋಗಾಲಯಕ್ಕೆ ಬೀಗ ಹಾಕುತ್ತಿದ್ದಾಗ ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಬಂದು ನಿಂತು, "ಟೀಚರ್, ಮುಟ್ಟದ ಇದ್ರ?" ಎಂದು ಕೇಳಿದಳು. ನನಗೆ ತಕ್ಷಣ ಏನೂ ತೋಚಲಿಲ್ಲ. "ಯಾಕವ್ವಾ, ಏನಾತು?" ಎಂದೆ. "ಏನಿಲ್ರೀ ಟೀಚರ್, ಸುಮ್ನ ಕೇಳಿದೆ" ಎಂದು ಹೊರಟುಹೋದಳು. ಮರುದಿನ ನಾನಾಗಿಯೇ ಕರೆದು ವಿಚಾರಿಸಿದಾಗಲೂ ಅದೇ ಉತ್ತರ ಬಂತು. ಆಮೇಲೆ ನಾನು ಸುಮ್ಮನಾದೆ. ಸುಮ್ಮನಾಗಬಾರದಿತ್ತು ಎಂಬ ಭಾವನೆ ಒಂದು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ.

ನನಗಿರುವ ಸಂದೇಹಗಳು ಹಲವು. ಹದಿಮೂರು ಹದಿನಾಲ್ಕು ದಾಟಿದ ಮಕ್ಕಳಿಗೆ ನಿಜವಾಗಿ ಹೇಳಬೇಕಾದದ್ದೇನು? ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಬೇಕೇ, ಬೇರೆಯಾಗಿಯೇ? ಇಲ್ಲದ ವಿಚಾರಗಳನ್ನು ಮಕ್ಕಳ ತಲೆಗೆ ತುಂಬುತ್ತೀರೆಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಇಬ್ಬರು ಸದಸ್ಯರು ಈಗಾಗಲೇ ಆಕ್ಷೇಪ ಎತ್ತಿದ್ದಾರೆ, ಅವರಿಗೆ ಏನೆಂದು ಉತ್ತರಿಸಲಿ? ಎಲ್ಲಕ್ಕಿಂತ ಹೆಚ್ಚಾಗಿ, ಪಾಠ ಕೇಳಿದ ಮಗುವೊಂದು ಬಂದು ತನ್ನ ಮೇಲೆ ನಡೆದದ್ದನ್ನು ಹೇಳಿಕೊಂಡರೆ ಕಾನೂನಿನ ಪ್ರಕಾರ ನಾನು ಮಾಡಬೇಕಾದದ್ದೇನು? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ಉತ್ತರ 1: ಆಪ್ತ ಸಮಾಲೋಚಕಿ, ಶಿವಮೊಗ್ಗ

ನಮಸ್ಕಾರ ಮೇಡಂ. "ಮುಟ್ಟದೆ ಇದ್ದರೆ?" ಎಂಬ ಆ ಹುಡುಗಿಯ ಪ್ರಶ್ನೆಯಿಂದಲೇ ನಿಮ್ಮ ಮೊದಲ ಅವಧಿಯನ್ನು ಆರಂಭಿಸಬಹುದು ಎಂಬುದು ನನ್ನ ಸಲಹೆ. ಯಾರು ಕೇಳಿದರೆಂದು ಮಾತ್ರ ಯಾವ ಕಾರಣಕ್ಕೂ ಸುಳಿವು ಕೊಡಬೇಡಿ. ನಮ್ಮ ಬಹುತೇಕ ಶಾಲಾ ಪಾಠಗಳು ಸ್ಪರ್ಶದಲ್ಲಿ ಶುರುವಾಗಿ ಸ್ಪರ್ಶದಲ್ಲೇ ಮುಗಿಯುತ್ತವೆ. ಹದಿಹರೆಯದವರ ಮೇಲಿನ ದೌರ್ಜನ್ಯವಾದರೋ ಬಹಳ ಸಲ ಮುಟ್ಟುವುದಕ್ಕೆ ತಿಂಗಳುಗಳ ಮೊದಲೇ ಮೊದಲಾಗಿರುತ್ತದೆ. ಕೆಲವೊಮ್ಮೆ ಮುಟ್ಟದೆಯೇ ಮುಂದುವರಿಯುತ್ತದೆ.

ಅದು ನಡೆಯುವ ಬಗೆಯನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಪರಿಚಯದ ವ್ಯಕ್ತಿಯೊಬ್ಬ ಒಂಟಿತನ ಅನುಭವಿಸುತ್ತಿರುವ, ಮನೆಯಲ್ಲಿ ಮಾತಿಗೆ ಯಾರೂ ಸಿಗದ, ಅಥವಾ ಮೊಬೈಲಿಗೋ ಶುಲ್ಕಕ್ಕೋ ಹಣವಿಲ್ಲದೆ ಕುಗ್ಗಿರುವ ಮಗುವನ್ನು ಗುರುತಿಸಿಕೊಳ್ಳುತ್ತಾನೆ. ರೀಚಾರ್ಜ್ ಮಾಡಿಸಿಕೊಡುತ್ತಾನೆ, ಬೈಕಿನಲ್ಲಿ ಬಿಡುತ್ತಾನೆ, "ನಿನ್ನನ್ನು ಅರ್ಥ ಮಾಡಿಕೊಂಡವನು ನಾನೊಬ್ಬನೇ" ಎನ್ನುತ್ತಾನೆ. ಮನೆಯವರ ನಂಬಿಕೆಯನ್ನೂ ಗಳಿಸುತ್ತಾನೆ, ಹಾಗಾಗಿ ಮುಂದೆ ಮಗು ಬಾಯಿಬಿಟ್ಟರೆ ನಂಬುವವರು ಕಡಿಮೆಯಾಗುತ್ತಾರೆ. ಬಳಿಕ ಒಂದು ಸಣ್ಣ ಗುಟ್ಟನ್ನು ಹಂಚಿಕೊಂಡು, ಮಗು ಅದನ್ನು ಯಾರಿಗೂ ಹೇಳುವುದಿಲ್ಲವೆಂದು ಖಚಿತವಾದ ಮೇಲೆ ಒಂದು ಫೋಟೋ, ಒಂದು ವಿಡಿಯೋ ಕರೆ ಎಂದು ಮುಂದುವರಿಯುತ್ತಾನೆ. ಕೊನೆಗೆ "ನೀನೂ ಒಪ್ಪಿದ್ದೆಯಲ್ಲ" ಎಂಬ ಒಂದೇ ಮಾತಿನಿಂದ ಮಗುವಿನ ಬಾಯಿ ಕಟ್ಟಿಹಾಕುತ್ತಾನೆ. ಈ ಮೆಟ್ಟಿಲುಗಳನ್ನು ಮೊದಲೇ ಬಲ್ಲ ಮಗು ಎರಡನೆಯ ಮೆಟ್ಟಿಲಲ್ಲೇ ಅನುಮಾನಪಡಬಲ್ಲದು. ಅಷ್ಟರಲ್ಲಿ ಐದನೆಯದನ್ನು ತಲುಪಿಬಿಟ್ಟಿದ್ದರೂ, ತಾನು ಸಿಕ್ಕಿಬಿದ್ದದ್ದು ಯಾರೋ ಹೆಣೆದ ಬಲೆಯಲ್ಲಿ, ತನ್ನ ದಡ್ಡತನದಿಂದಲ್ಲ ಎಂದಾದರೂ ಅದಕ್ಕೆ ಅರಿವಾಗುತ್ತದೆ.

ಇಲ್ಲಿ ನಮ್ಮ ಸಮಾಜದ ಒಂದು ವಿಶೇಷವನ್ನು ಗಮನಿಸಬೇಕು. ಊರಿನಲ್ಲಿ ಕಂಡ ಗಂಡಸರನ್ನೆಲ್ಲ ಮಾವ, ಕಾಕಾ, ಅಣ್ಣ ಎಂದು ಕರೆಯುವುದನ್ನು ಮಕ್ಕಳಿಗೆ ಕಲಿಸುತ್ತೇವೆ. ಆ ಸಂಬೋಧನೆಯ ಜೊತೆಗೇ ಎದುರು ಮಾತನಾಡಬಾರದೆಂಬ ಕಟ್ಟುಪಾಡೂ ಬರುತ್ತದೆ. ಮಾವ ಎಂದು ಕರೆದವನಿಗೆ "ಬೇಡ" ಎನ್ನುವುದು ಹೇಗೆಂದು ನಾವು ಯಾರೂ ಕಲಿಸಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ವಾರ್ಷಿಕ ವರದಿಗಳನ್ನು ನೋಡಿದರೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧದ ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಮಗುವಿಗೆ ಪರಿಚಿತನೇ ಆಗಿರುತ್ತಾನೆ. ಆದ್ದರಿಂದ ಅಪರಿಚಿತರ ಬಗ್ಗೆ ಎಚ್ಚರಿಸಿ ಪಾಠ ಮುಗಿಸಿದರೆ ನಾವು ಮಕ್ಕಳನ್ನು ತಪ್ಪು ದಿಕ್ಕಿಗೆ ನೋಡಲು ಹಚ್ಚಿದಂತಾಗುತ್ತದೆ. "ಸಂಬಂಧ ಎಷ್ಟೇ ಹತ್ತಿರದ್ದಾಗಿರಲಿ, ನಿನಗೆ ಕಸಿವಿಸಿಯಾದರೆ ಎದ್ದು ಬರುವುದು ಅಗೌರವವಲ್ಲ" ಎಂಬ ಮಾತನ್ನು ಮಕ್ಕಳು ಶಿಕ್ಷಕರ ಬಾಯಿಂದ ಕೇಳಬೇಕು. ಹಾಗೆಂದು ಎದ್ದು ಬರಲಾಗದೆ, ಭಯದಿಂದ ಮೈ ಮರಗಟ್ಟಿ ಸುಮ್ಮನಿದ್ದ ಮಗು ತಪ್ಪು ಮಾಡಿತೆಂದು ಅರ್ಥವಲ್ಲ. ಇದನ್ನೂ ಅದೇ ಉಸಿರಿನಲ್ಲಿ ಹೇಳಿ, ಏಕೆಂದರೆ "ಕಿರುಚು, ಓಡು" ಎಂದಷ್ಟೇ ಕಲಿಸಿದರೆ, ಕಿರುಚಲಾಗದ ಮಗು ಜೀವನವಿಡೀ ತನ್ನನ್ನೇ ದೂಷಿಸಿಕೊಳ್ಳುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. 'ಕೆಟ್ಟ ಸ್ಪರ್ಶ' ಎನ್ನುವುದನ್ನು ನಾನು ಬಿಟ್ಟು ಹಲವು ವರ್ಷಗಳಾದವು. ಕನ್ನಡದಲ್ಲಿ 'ಕೆಟ್ಟ' ಎಂಬುದು ಮಾಡಿದವನಿಗಿಂತ ಅನುಭವಿಸಿದವರಿಗೇ ಬೇಗ ಅಂಟಿಕೊಳ್ಳುತ್ತದೆ, 'ಕೆಟ್ಟುಹೋದಳು' ಎನ್ನುವುದು ಮಕ್ಕಳ ಕಿವಿಗೆ ಬಿದ್ದೇ ಇರುತ್ತದೆ. 'ಅಸುರಕ್ಷಿತ ಸ್ಪರ್ಶ' ಎಂದರೆ ಆ ತೊಂದರೆಯಿಲ್ಲ. ಮಾನ ಹೋಯಿತು, ಶೀಲ ಕಳೆದುಕೊಂಡಳು, ಬಾಳು ಹಾಳಾಯಿತು ಎಂಬ ನುಡಿಗಟ್ಟುಗಳನ್ನು ತರಗತಿಯ ಹೊರಗೆ, ಶಿಕ್ಷಕರ ಕೊಠಡಿಯಲ್ಲಿಯೂ ಬಳಸದಂತೆ ಸಹೋದ್ಯೋಗಿಗಳಲ್ಲಿ ಕೇಳಿಕೊಳ್ಳಿ. ಮಕ್ಕಳು ಕಿಟಕಿಯಾಚೆಯಿಂದ ಕೇಳಿಸಿಕೊಳ್ಳುವುದೇ ಹೆಚ್ಚು.

ವಿಧಾನದ ಬಗ್ಗೆ ಹೇಳುವುದಾದರೆ, ಉಪನ್ಯಾಸಕ್ಕಿಂತ ಸಣ್ಣ ಸನ್ನಿವೇಶಗಳು ಚೆನ್ನಾಗಿ ಕೆಲಸ ಮಾಡುತ್ತವೆ. "ಟ್ಯೂಷನ್ ಹೇಳುವವರು ಒಬ್ಬಳನ್ನೇ ಅರ್ಧ ಗಂಟೆ ಹೆಚ್ಚು ಉಳಿಸಿಕೊಳ್ಳುತ್ತಾರೆ, ಮನೆಯಲ್ಲಿ ಹೇಳಬೇಡ ಎನ್ನುತ್ತಾರೆ. ನೀವು ಅವಳ ಗೆಳತಿ. ಏನು ಮಾಡುತ್ತೀರಿ?" ಎಂದು ಕೊಟ್ಟು ನಾಲ್ಕೈದು ಮಕ್ಕಳ ಗುಂಪಿನಲ್ಲಿ ಚರ್ಚಿಸಲು ಬಿಡಿ. ಸ್ವಂತ ಅನುಭವವನ್ನು ತರಗತಿಯಲ್ಲಿ ಯಾರೂ ಹೇಳಬೇಕಾಗಿಲ್ಲವೆಂದು ಮೊದಲೇ ಸ್ಪಷ್ಟಪಡಿಸಿ. ಪ್ರಶ್ನೆ ಪೆಟ್ಟಿಗೆಯೊಂದನ್ನು ಇಟ್ಟು, ಪ್ರತಿಯೊಬ್ಬರೂ ಚೀಟಿ ಹಾಕಬೇಕು, ಕೇಳುವುದಿಲ್ಲದವರು ಖಾಲಿ ಚೀಟಿಯನ್ನೇ ಹಾಕಬೇಕು ಎಂದು ನಿಯಮ ಮಾಡಿದರೆ ಯಾರು ಬರೆದರೆಂದು ತಿಳಿಯುವುದಿಲ್ಲ. ಮೊದಲ ಅವಧಿಯನ್ನು ಹುಡುಗ ಹುಡುಗಿಯರಿಗೆ ಬೇರೆಯಾಗಿ ಮಾಡಿ, ಮೂರನೆಯದರ ಹೊತ್ತಿಗೆ ಒಟ್ಟಿಗೆ ಕೂರಿಸುವುದು ನನ್ನ ರೂಢಿ.

ಇಂಥ ಪಾಠದಿಂದ ಮಕ್ಕಳು ಹೆದರುತ್ತಾರೆ ಎಂಬ ಆತಂಕಕ್ಕೆ ಆಧಾರವಿಲ್ಲ. ಶಾಲೆಗಳಲ್ಲಿ ನಡೆದ ಇಂಥ ಕಾರ್ಯಕ್ರಮಗಳ ಕುರಿತ 24 ಅಧ್ಯಯನಗಳನ್ನು ಒಟ್ಟುಗೂಡಿಸಿ ಆರೋಗ್ಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2015ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಮಕ್ಕಳ ತಿಳಿವಳಿಕೆ ಮತ್ತು ಸ್ವರಕ್ಷಣೆಯ ನಡವಳಿಕೆ ಹೆಚ್ಚಿದ್ದು ಕಂಡುಬಂತು, ಭಯ ಹೆಚ್ಚಿದ್ದು ಕಂಡುಬರಲಿಲ್ಲ. ಆದರೆ ಆ 24ರಲ್ಲಿ ಪ್ರೌಢಶಾಲೆಯಲ್ಲಿ ನಡೆದದ್ದು ಒಂದೇ ಒಂದು. ನಿಮ್ಮ ಮಕ್ಕಳ ವಯಸ್ಸಿನವರಿಗೆಂದೇ ಯೋಚಿಸಿದವರು ಜಗತ್ತಿನಲ್ಲೇ ಕಡಿಮೆ ಎಂಬುದು ಇದರಿಂದ ತಿಳಿಯುತ್ತದೆ. ನಿಮ್ಮ ಟಿಪ್ಪಣಿಗಳನ್ನು ದಯವಿಟ್ಟು ಹರಿಯಬೇಡಿ.

ಉತ್ತರ 2: ವಕೀಲರು, ಧಾರವಾಡ

ಮೇಡಂ, ಕಾನೂನಿನ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. 18 ವರ್ಷ ತುಂಬದ ಹುಡುಗ, ಹುಡುಗಿ ಇಬ್ಬರಿಗೂ ಅದು ಅನ್ವಯಿಸುತ್ತದೆ. ನಿಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ಅದರ 11ನೇ ಕಲಂನಲ್ಲಿ ನೇರ ಉತ್ತರವಿದೆ. ಲೈಂಗಿಕ ಉದ್ದೇಶದಿಂದ ಮಾತನಾಡುವುದು, ಸನ್ನೆ ಮಾಡುವುದು, ಅಶ್ಲೀಲ ಚಿತ್ರ ತೋರಿಸುವುದು, ಪದೇ ಪದೇ ಹಿಂಬಾಲಿಸುವುದು ಅಥವಾ ಫೋನಿನ ಮೂಲಕ ಸಂಪರ್ಕಿಸುತ್ತಿರುವುದು, ಚಿತ್ರವನ್ನು ಹರಡುವುದಾಗಿ ಬೆದರಿಸುವುದು ಇವೆಲ್ಲ ಲೈಂಗಿಕ ಕಿರುಕುಳವೇ ಆಗಿದ್ದು, ಮೂರು ವರ್ಷಗಳವರೆಗೆ ಶಿಕ್ಷೆಯಿದೆ. ಮುಟ್ಟಿರಬೇಕೆಂದಿಲ್ಲ.

ಇನ್ನು ನಿಮ್ಮ ಕರ್ತವ್ಯ. 19ನೇ ಕಲಂ ಪ್ರಕಾರ ಅಪರಾಧ ನಡೆದಿದೆಯೆಂದು ತಿಳಿದವರು ಮಾತ್ರವಲ್ಲ, ನಡೆಯಬಹುದೆಂಬ ಆತಂಕ ಉಂಟಾದವರೂ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಶಿಕ್ಷೆ ಮತ್ತು ದಂಡವಿದೆ. ಮುಖ್ಯ ಶಿಕ್ಷಕರಿಗೆ ಹೇಳಿದೆ, ಅವರು ಏನೂ ಮಾಡಲಿಲ್ಲ ಎಂಬುದು ನಿಮ್ಮನ್ನು ಹೊಣೆಯಿಂದ ಬಿಡಿಸುವುದಿಲ್ಲ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ ಎಂದು ಅದೇ ಕಲಂ ರಕ್ಷಣೆಯನ್ನೂ ಕೊಟ್ಟಿದೆ. ನಡೆದದ್ದು ನಿಜವೇ ಎಂದು ನೀವು ತನಿಖೆ ಮಾಡಬೇಕಾಗಿಲ್ಲ, ಮಾಡಲೂಬಾರದು. ಆರೋಪಿತನನ್ನೂ ಮಗುವನ್ನೂ ಎದುರುಬದುರು ಕೂರಿಸಿ ಪಂಚಾಯ್ತಿ ಮಾಡುವುದನ್ನು ನಾನು ಹಲವು ಕಡೆ ನೋಡಿದ್ದೇನೆ. ಮಗುವಿನ ಮನಸ್ಸಿಗೂ ಮುಂದಿನ ವಿಚಾರಣೆಗೂ ಅದರಷ್ಟು ಹಾನಿ ಮಾಡುವ ಕೆಲಸ ಇನ್ನೊಂದಿಲ್ಲ.

ಈ ಕಾರಣದಿಂದಲೇ, ಮಗುವಿಗೆ "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿ. ಪಾಠದ ಮೊದಲ ದಿನವೇ, "ನಿಮ್ಮಲ್ಲಿ ಯಾರಿಗಾದರೂ ಅಪಾಯವಿದೆಯೆಂದು ನನಗೆ ತಿಳಿದರೆ, ಸಹಾಯ ಮಾಡಬಲ್ಲವರಿಗೆ ನಾನು ತಿಳಿಸಲೇಬೇಕಾಗುತ್ತದೆ, ಅದಕ್ಕೆ ಮೊದಲು ನಿಮಗೆ ಹೇಳಿಯೇ ತಿಳಿಸುತ್ತೇನೆ" ಎಂದು ಇಡೀ ತರಗತಿಗೆ ಹೇಳಿಬಿಡಿ.

ಪೊಲೀಸ್ ಠಾಣೆಯ ಭಯಕ್ಕೆ ತಂದೆತಾಯಿಗಳು ದೂರು ಕೊಡಲು ಹಿಂಜರಿಯುತ್ತಾರೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ತುರ್ತು ಚಿಕಿತ್ಸೆ ನೀಡಲು ಯಾವ ವೈದ್ಯರೂ ಮೊದಲು ಪೊಲೀಸ್ ಪತ್ರ ತನ್ನಿ ಎನ್ನುವಂತಿಲ್ಲ. ಮಗುವಿನ ಹೆಸರು, ಶಾಲೆ, ಊರು ಪತ್ರಿಕೆಯಲ್ಲಿ ಬರುವಂತಿಲ್ಲ. ಈ ಮಾಹಿತಿಯನ್ನು ಪೋಷಕರ ಸಭೆಯಲ್ಲಿ ಹೇಳಿದರೆ ಅರ್ಧ ಹೆದರಿಕೆ ಕಡಿಮೆಯಾಗುತ್ತದೆ.

ಇಂಥ ಪಾಠಕ್ಕೆ ಅನುಮತಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ, 2020ರ ಪೋಕ್ಸೊ ನಿಯಮಗಳ 3ನೇ ನಿಯಮವನ್ನು ತೋರಿಸಿ. ವಯಸ್ಸಿಗೆ ತಕ್ಕ ಪಠ್ಯಸಾಮಗ್ರಿ ರೂಪಿಸುವುದನ್ನು ಅದು ಸರ್ಕಾರಗಳ ಕರ್ತವ್ಯವೆಂದೇ ಹೇಳುತ್ತದೆ. ಶಾಲೆಯ ಸಿಬ್ಬಂದಿಯ ಹಿನ್ನೆಲೆಯನ್ನು ಕಾಲಕಾಲಕ್ಕೆ ಪೊಲೀಸರಿಂದ ಪರಿಶೀಲಿಸಬೇಕೆನ್ನುವುದೂ ಅದೇ ನಿಯಮ. ನಮ್ಮ ಹೈಕೋರ್ಟಿನ ಧಾರವಾಡ ಪೀಠವು 2022ರ ನವೆಂಬರ್‌ನಲ್ಲಿ ನೀಡಿದ ತೀರ್ಪೊಂದರಲ್ಲಿ, ಕನಿಷ್ಠ ಒಂಬತ್ತನೇ ತರಗತಿಯಿಂದ ಮೇಲಿನ ವಿದ್ಯಾರ್ಥಿಗಳಿಗೆ ಈ ಕಾಯ್ದೆಯ ಬಗ್ಗೆ ತಿಳಿಸುವ ಪಾಠಗಳನ್ನು ಸಿದ್ಧಪಡಿಸಲು ಸಮಿತಿ ರಚಿಸಬೇಕೆಂದು ಶಿಕ್ಷಣ ಇಲಾಖೆಯ ಪ್ರಧಾನ ಕಾರ್ಯದರ್ಶಿಗಳಿಗೆ ನಿರ್ದೇಶನ ನೀಡಿತು.

ಆ ತೀರ್ಪಿನ ಹಿನ್ನೆಲೆಯಲ್ಲಿದ್ದ ವಿಷಯ ನಿಮ್ಮ ಹತ್ತನೇ ತರಗತಿಯಲ್ಲಿ ಖಂಡಿತ ಬರುತ್ತದೆ. ಹದಿನಾರರ ಹುಡುಗಿ, ಹತ್ತೊಂಬತ್ತರ ಹುಡುಗ, ಇಬ್ಬರೂ ಇಷ್ಟಪಟ್ಟಿದ್ದಾರೆ. ಕಾನೂನಿನ ಕಣ್ಣಿನಲ್ಲಿ 18ರೊಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ, ದೈಹಿಕ ಸಂಬಂಧ ನಡೆದಿದ್ದರೆ ಹುಡುಗ ಸೆರೆಮನೆ ಸೇರಬೇಕಾಗಬಹುದು. ಈ ವಯೋಮಿತಿಯನ್ನು ಇಳಿಸುವುದು ಬೇಡವೆಂದು ಕಾನೂನು ಆಯೋಗ 2023ರಲ್ಲಿ ಹೇಳಿತು. ಮಕ್ಕಳಿಗೆ ಇದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ. ಆದರೆ ಪ್ರೀತಿಸುವುದೇ ಅಪರಾಧ ಎಂಬಂತೆ ಪಾಠ ಕೇಳಿಸಬಾರದು. ಹಾಗೆ ಕೇಳಿಸಿಕೊಂಡ ಹುಡುಗಿ, ಮುಂದೆ ಆ ಸ್ನೇಹದಲ್ಲಿಯೇ ಹಿಂಸೆ, ಬೆದರಿಕೆ ಶುರುವಾದಾಗ ಯಾರಲ್ಲಿಯೂ ಬಾಯಿಬಿಡಲಾರಳು.

ಉತ್ತರ 3: ದೈಹಿಕ ಶಿಕ್ಷಣ ಶಿಕ್ಷಕ, ತುಮಕೂರು ಜಿಲ್ಲೆ

ಹುಡುಗರ ಬಗ್ಗೆ ಬರೆಯಬೇಕೆನಿಸಿತು, ಏಕೆಂದರೆ ಇಂಥ ಪಾಠಗಳಲ್ಲಿ ಅವರಿಗೆ ಸಿಗುವುದು ಎಚ್ಚರಿಕೆಯ ಮಾತು ಮಾತ್ರ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಅವರಲ್ಲಿ ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಎದುರಿಸಿದ್ದಾಗಿ ಹೇಳಿದರು, ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಗಂಡುಮಕ್ಕಳೇ ಇದ್ದರು. ನನ್ನ 22 ವರ್ಷಗಳ ಸೇವೆಯಲ್ಲಿ ನನ್ನ ಬಳಿ ಬಂದು ಹೇಳಿಕೊಂಡ ಹುಡುಗರು ಇಬ್ಬರು ಮಾತ್ರ. ಒಬ್ಬನು ಹೇಳಿದ್ದು ಶಾಲೆ ಬಿಟ್ಟು ಆರು ವರ್ಷಗಳಾದ ಮೇಲೆ. "ಸಾರ್, ಗಂಡಸಾಗಿ ಇದನ್ನ ಯಾರತ್ರ ಹೇಳ್ಲಿ ಅಂತ ಸುಮ್ನಿದ್ದೆ" ಎಂದ. ಆ ಆರು ವರ್ಷ ಅವನು ನನ್ನ ಕಬಡ್ಡಿ ತಂಡದವರ ಜೊತೆ ಪ್ರತಿ ಜಾತ್ರೆಯಲ್ಲೂ ನನಗೆ ಸಿಗುತ್ತಿದ್ದ. ಹುಡುಗರಿಗೂ ಇದು ಆಗುತ್ತದೆ, ಆದರೆ ಗಂಡಸ್ತನಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬ ಮಾತನ್ನು ಅವರ ಮುಂದೆ ಗಂಡು ಶಿಕ್ಷಕರೊಬ್ಬರು ಹೇಳಬೇಕು. ನಿಮ್ಮ ಶಾಲೆಯಲ್ಲಿ ಒಪ್ಪುವ ಒಬ್ಬರನ್ನು ದಯವಿಟ್ಟು ಜೊತೆಗೆ ಕರೆದುಕೊಳ್ಳಿ.

ಎರಡನೆಯದಾಗಿ, ಪಾಠದ ಜೊತೆಗೆ ಶಾಲೆಯ ಆವರಣವನ್ನೂ ನೋಡಿ. ನ್ಯೂಯಾರ್ಕ್ ನಗರದ 30 ಸರ್ಕಾರಿ ಶಾಲೆಗಳ ಆರು, ಏಳನೇ ತರಗತಿಗಳಲ್ಲಿ ನಡೆದ ಪ್ರಯೋಗವೊಂದರ ಬಗ್ಗೆ ತರಬೇತಿಯೊಂದರಲ್ಲಿ ಕೇಳಿದ್ದೆ. ಅಲ್ಲಿ ತರಗತಿಯ ಪಾಠ ಮಾತ್ರ ನಡೆದ ಶಾಲೆಗಳಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಮಕ್ಕಳಿಂದಲೇ ಶಾಲೆಯ ನಕ್ಷೆ ಬರೆಸಿ, ಎಲ್ಲೆಲ್ಲಿ ಭಯವಾಗುತ್ತದೆಯೆಂದು ಗುರುತು ಹಾಕಿಸಿ, ಆ ಜಾಗಗಳಲ್ಲಿ ಶಿಕ್ಷಕರು ನಿಲ್ಲುವಂತೆ ಮಾಡಿದ ಶಾಲೆಗಳಲ್ಲಿ ಲೈಂಗಿಕ ಕಿರುಕುಳ ಕಡಿಮೆಯಾಯಿತು. ನಾವೂ ಮಾಡಿ ನೋಡಿದೆವು. ಹುಡುಗಿಯರು ಗುರುತು ಹಾಕಿದ್ದು ಸೈಕಲ್ ನಿಲ್ಲಿಸುವ ಜಾಗದ ಹಿಂಬದಿ, ಶೌಚಾಲಯಕ್ಕೆ ಹೋಗುವ ಹಾದಿಯ ತಿರುವು ಮತ್ತು ಸಂಜೆ ಐದರ ಬಸ್ಸು. ಹುಡುಗರು ಗುರುತು ಹಾಕಿದ್ದು ಕ್ರೀಡಾ ಸಾಮಗ್ರಿಗಳ ಕೊಠಡಿಯನ್ನು. ಅದರ ಕೀಲಿ ಇರುವುದು ನನ್ನ ಬಳಿ. ದೊಡ್ಡ ತರಗತಿಯ ಹುಡುಗರು ಚಿಕ್ಕವರನ್ನು ಅಲ್ಲಿ ಕೂಡಿಹಾಕಿ ಸತಾಯಿಸುತ್ತಿದ್ದರೆಂಬುದು ನನಗೆ ಅಂದಿನವರೆಗೂ ತಿಳಿದಿರಲಿಲ್ಲ, ಆ ನೋವು ಇಂದಿಗೂ ಇದೆ. ಈಗ ಆ ಕೊಠಡಿಗೆ ಬಾಗಿಲಿನ ಬದಲು ಕಂಬಿಯ ಗೇಟು ಇದೆ.

ಸಹಪಾಠಿಯ ಅಶ್ಲೀಲ ಫೋಟೋ ಬಂದರೆ ಮುಂದೆ ಕಳಿಸುವುದು, ಫೋನಿನಲ್ಲಿ ಉಳಿಸಿಕೊಳ್ಳುವುದು ಕೂಡ ಅಪರಾಧವೆಂದು ಹುಡುಗರಿಗೆ ಬಿಡಿಸಿ ಹೇಳಿ. ಮಕ್ಕಳ ಅಂಥ ಚಿತ್ರಗಳನ್ನು ನೋಡುವುದನ್ನೂ ಇಟ್ಟುಕೊಳ್ಳುವುದನ್ನೂ ಲಘುವಾಗಿ ನೋಡಲಾಗದು ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ನಮ್ಮ ಹುಡುಗರಲ್ಲಿ ಎಷ್ಟೋ ಮಂದಿಗೆ ಇದು ತಮಾಷೆಯಲ್ಲ ಎಂಬುದೇ ಗೊತ್ತಿರುವುದಿಲ್ಲ.

ಉತ್ತರ 4: ಪೋಷಕ, ಎಸ್‌ಡಿಎಂಸಿ ಮಾಜಿ ಅಧ್ಯಕ್ಷ, ಮಂಡ್ಯ ಜಿಲ್ಲೆ

ಮೇಡಂನವರೇ, ನಿಮ್ಮ ಸದಸ್ಯರು ಆಡಿದ ಮಾತನ್ನೇ ನಾನೂ ಒಂದು ಕಾಲದಲ್ಲಿ ಸಭೆಯಲ್ಲಿ ಎದ್ದು ನಿಂತು ಆಡಿದ್ದೆ. ನನ್ನಂಥವರನ್ನು ಶತ್ರುಗಳೆಂದು ಭಾವಿಸಬೇಡಿ. 'ಲೈಂಗಿಕ ಶಿಕ್ಷಣ' ಎಂಬ ಹೆಸರು ಕೇಳಿದ ಕೂಡಲೇ ಏನೋ ಆಗಬಾರದ್ದು ಹೇಳಿಕೊಡುತ್ತಾರೆಂಬ ದಿಗಿಲು. ಹಿಂದೆ ಕೇಂದ್ರ ಸರ್ಕಾರ ತಂದಿದ್ದ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು 2007ರ ಹೊತ್ತಿಗೆ ನಮ್ಮ ರಾಜ್ಯವೂ ಸೇರಿ ಹಲವು ರಾಜ್ಯಗಳು ನಿಲ್ಲಿಸಿದ್ದಕ್ಕೆ ಇದೇ ದಿಗಿಲು ಕಾರಣವಾಗಿತ್ತು.

ನನ್ನ ಮನಸ್ಸು ಬದಲಾದದ್ದು ವಾದದಿಂದಲ್ಲ. ಅಂದಿನ ಮುಖ್ಯ ಶಿಕ್ಷಕಿಯವರು ಮಕ್ಕಳಿಗೆ ಹೇಳುವ ಪಾಠವನ್ನು ಹಿಂದಿನ ವಾರವೇ ತಂದೆತಾಯಿಗಳಿಗೆ ಹಾಗೆಯೇ ಮಾಡಿ ತೋರಿಸಿದರು. ಒಂದೇ ಒಂದು ಪದವನ್ನೂ ಮುಚ್ಚಿಡಲಿಲ್ಲ. ಕೊನೆಯಲ್ಲಿ "ನಿಮ್ಮ ಮಗು ಇಂಥದ್ದೊಂದು ವಿಷಯ ಹೇಳಲು ಬಂದರೆ ನಿಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು?" ಎಂದು ಕೇಳಿದರು. "ನೀನು ಅಲ್ಲಿಗ್ಯಾಕೆ ಹೋಗಿದ್ದೆ?" ಎಂಬ ಮಾತೇ ನನ್ನ ಮನಸ್ಸಿಗೆ ಮೊದಲು ಬಂತು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಅದನ್ನೇ ಗಟ್ಟಿಯಾಗಿ ಹೇಳಿ ಅಳತೊಡಗಿದಳು. ಏಕೆ ಅತ್ತಳೆಂದು ನಾನು ಇಂದಿಗೂ ಕೇಳಿಲ್ಲ. ನಮ್ಮ ಮಗಳು ಆಗ ಎಂಟನೇ ತರಗತಿ. ಪಾಠಕ್ಕೆ ಒಪ್ಪಿಗೆ ಕೊಟ್ಟೆವು.

ಸಭೆಯನ್ನು ಕೆಲಸದ ದಿನ ಹನ್ನೊಂದು ಗಂಟೆಗೆ ಕರೆದರೆ ಕೂಲಿಗೆ ಹೋಗುವ ತಾಯಂದಿರು ಬರುವುದಿಲ್ಲ. ನಮ್ಮಲ್ಲಿ ಸಂಜೆ ಡೈರಿಗೆ ಹಾಲು ಹಾಕಿದ ಮೇಲೆ ಇಟ್ಟೆವು. ಸಭಾಂಗಣ ತುಂಬಿತು.

ಮರುಪ್ರತಿಕ್ರಿಯೆ: ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾಲ್ವರ ಬರಹವನ್ನೂ ಮುದ್ರಿಸಿ ಮುಖ್ಯ ಶಿಕ್ಷಕರಿಗೆ ಕೊಟ್ಟೆ. ನಮ್ಮ ಗಣಿತ ಶಿಕ್ಷಕರು ಹುಡುಗರ ಅವಧಿಯನ್ನು ನನ್ನೊಡನೆ ನಡೆಸಲು ಒಪ್ಪಿದ್ದಾರೆ. ಪೋಷಕರ ಸಭೆಯನ್ನು ಸಂಜೆ ಏಳಕ್ಕೆ ಇಟ್ಟಿದ್ದೇವೆ. ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ಶೌಚಾಲಯದ ಬಾಗಿಲಿನ ಒಳಬದಿಯಲ್ಲಿ ಬರೆಸುತ್ತಿದ್ದೇನೆ, ಅಲ್ಲಾದರೆ ಯಾರೂ ನೋಡದಂತೆ ಓದಿಕೊಳ್ಳಬಹುದು.

ಇನ್ನೆರಡು ಸಂಗತಿಗಳನ್ನು ಕೇಳಬೇಕಾಗಿದೆ. ಫೋಟೋ ಈಗಾಗಲೇ ಕಳಿಸಿಬಿಟ್ಟಿರುವ ಮಗುವಿಗೆ ನಾವು ಏನು ಮಾಡಿಕೊಡಬಹುದು? ಮತ್ತು, ಮಗುವೊಂದು ನನ್ನೆದುರು ನಿಂತು ಹೇಳತೊಡಗಿದ ಆ ಗಳಿಗೆಯಲ್ಲಿ ನಾನು ಏನು ಮಾತನಾಡಬೇಕು? ಹೋದ ಸಲ "ಏನಾತು?" ಎಂದು ಕೇಳಿದ್ದೇ ತಪ್ಪಾಯಿತೇ ಎಂಬ ಯೋಚನೆ ಇನ್ನೂ ಕಾಡುತ್ತಿದೆ.

ಉತ್ತರ 5: ಆಪ್ತ ಸಮಾಲೋಚಕಿ, ಶಿವಮೊಗ್ಗ

"ಏನಾತು?" ಎಂದದ್ದು ತಪ್ಪಲ್ಲ ಮೇಡಂ. ನಿಮ್ಮ ಮುಖದಲ್ಲಿ ಗಾಬರಿ ಕಂಡು ಅವಳು ಹಿಂದೆ ಸರಿದಿರಬಹುದು, ಅಷ್ಟೆ. ನಿಮ್ಮ ಬಳಿಗೇ ಬಂದಳು ಎಂಬುದನ್ನು ಮರೆಯಬೇಡಿ.

ಫೋಟೋ ಕಳಿಸಿದ ಮಗುವಿಗೆ ಮೊದಲು ಬೇಕಾದದ್ದು ಬೈಗುಳವಿಲ್ಲದ ಒಂದು ಗಂಟೆ. ಬೆದರಿಸುವವನಿಗೆ ಹಣವನ್ನಾಗಲಿ, ಇನ್ನೊಂದು ಚಿತ್ರವನ್ನಾಗಲಿ ಕೊಡಬಾರದು. ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ, ಹೆಚ್ಚುತ್ತದೆ. ಸಂದೇಶಗಳನ್ನು ಅಳಿಸದೆ ಫೋನನ್ನು ಹಾಗೆಯೇ ಪೊಲೀಸರಿಗೆ ತೋರಿಸಬೇಕು. ನೀವು ಆ ಚಿತ್ರವನ್ನು ನಿಮ್ಮ ಫೋನಿಗೆ ಕಳಿಸಿಕೊಳ್ಳಬೇಡಿ, ಸಾಕ್ಷ್ಯಕ್ಕೆಂದು ಪ್ರತಿ ಮಾಡಿಕೊಳ್ಳಲೂ ಬೇಡಿ. 18ರೊಳಗಿನವರ ಚಿತ್ರಗಳು ಜಾಲತಾಣಗಳಲ್ಲಿ ಹರಡದಂತೆ ತಡೆಯಲು ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು ನಡೆಸುವ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯಿದೆ. ಅಲ್ಲಿ ಚಿತ್ರವನ್ನು ಯಾರಿಗೂ ಕಳಿಸಬೇಕಾಗಿಲ್ಲ. ಫೋನಿನಲ್ಲಿಯೇ ಚಿತ್ರದಿಂದ ಬೆರಳಚ್ಚಿನಂಥ ಒಂದು ಗುರುತು ಸಿದ್ಧವಾಗಿ ಅದು ಮಾತ್ರ ಹೋಗುತ್ತದೆ. ಅದರಲ್ಲಿ ಪಾಲ್ಗೊಂಡಿರುವ ಜಾಲತಾಣಗಳು ಆ ಗುರುತು ಹಿಡಿದು ಚಿತ್ರವನ್ನು ತೆಗೆಯುತ್ತವೆ.

ಇನ್ನು ಆ ಗಳಿಗೆ. ಮಾಡುತ್ತಿರುವ ಕೆಲಸ ನಿಲ್ಲಿಸಿ, ಬೇರೆಯವರಿಗೆ ಕೇಳಿಸದ, ಆದರೆ ಎಲ್ಲರಿಗೂ ಕಾಣುವ ಜಾಗದಲ್ಲಿ ಮಗುವಿನ ಸಮಕ್ಕೆ ಕೂತುಕೊಳ್ಳಿ. ಮೂರು ಮಾತು ಸಾಕು: "ನೀನು ಹೇಳಿದ್ದು ಒಳ್ಳೆಯದಾಯಿತು. ನಿನ್ನ ಮಾತನ್ನು ನಂಬುತ್ತೇನೆ. ಇದರಲ್ಲಿ ನಿನ್ನ ತಪ್ಪಿಲ್ಲ." ನಿಮ್ಮ ಕಡೆಯ ಮಾತಿನಲ್ಲೇ ಹೇಳಿ, ಪುಸ್ತಕದ ಭಾಷೆ ಬೇಡ. ಯಾಕೆ, ಎಷ್ಟು ಸಲ, ಆಗಲೇ ಏಕೆ ಹೇಳಲಿಲ್ಲ ಎಂದು ಕೇಳಬೇಡಿ. ಅದು ಹೇಳಿದಷ್ಟನ್ನು ಅದರದೇ ಮಾತಿನಲ್ಲಿ ಅಂದೇ ದಿನಾಂಕ ಹಾಕಿ ಬರೆದಿಡಿ. ಇಂದು ಮನೆಗೆ ಹೋಗುವುದು ಸುರಕ್ಷಿತವೇ ಎಂಬ ಒಂದೇ ಪ್ರಶ್ನೆಯನ್ನು ನೀವು ಕೇಳಲೇಬೇಕು. ಅಲ್ಲ ಎಂದರೆ ಆ ಮಗುವನ್ನು ಶಾಲೆಯಿಂದ ಕಳಿಸುವ ಮೊದಲೇ 1098ಕ್ಕೆ ಕರೆ ಮಾಡಿ.

ವೇಳಾಪಟ್ಟಿಯ ಬಗ್ಗೆಯೂ ಒಂದು ಮಾತು, ಏಕೆಂದರೆ ಇದನ್ನು ನಾನು ಕಲಿತದ್ದು ಒಂದು ಮಗುವಿಗೆ ತೊಂದರೆಯಾದ ಮೇಲೆ. ಈ ಪಾಠವನ್ನು ಶನಿವಾರ ಇಡಬೇಡಿ, ದಸರಾ ರಜೆಯ ಹಿಂದಿನ ವಾರವಂತೂ ಬೇಡವೇ ಬೇಡ. ಪಾಠ ಕೇಳಿ ಹೇಳಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡ ಮಗುವಿಗೆ ಮರುದಿನ ಬೆಳಿಗ್ಗೆ ನೀವು ಶಾಲೆಯಲ್ಲಿ ಸಿಗಬೇಕು. ಮಂಗಳವಾರ ಅಥವಾ ಬುಧವಾರ ಇಡಿ, ಆ ವಾರ ನೀವು ರಜೆ ಹಾಕಬೇಡಿ, ಸಂಜೆ ಪ್ರಯೋಗಾಲಯಕ್ಕೆ ಬೀಗ ಹಾಕುವುದನ್ನು ಅರ್ಧ ಗಂಟೆ ತಡಮಾಡಿ.